ತೊಗರಿಬೇಳೆಯಷ್ಟು ಅಡ್ಡಿ

ತಲೆಗೆ ತೊಡಿಸಿದ್ದ ಯಂತ್ರದ ಟೊಪ್ಪಿಗೆ ಜೇನುಹುಳದಂತೆ ಗುಂಯ್‌ಗುಟ್ಟಿತು. ಮಹಾಂತೇಶ ಹೂಗಾರರ ಬಲಗೈ ತಾನಾಗಿಯೇ ಪೆನ್ನು ಹುಡುಕತೊಡಗಿತು.

"ಇನ್ನ ಮುಗಿದಿಲ್ರೀ, ತಡ್ಕೋರಿ," ಎಂದರು ಡಾ. ನಿರ್ಮಲಾ ಇಟಗಿ.

"ಮೂರ್ ವರ್ಷ ತಡ್ಕೊಂಡೀನ್ರಿ ಡಾಕ್ಟರ್ರ. ಈಗ ಕೈ ನನ್ನ ಮಾತ ಕೇಳವಲ್ದು!"

ಅದು ೨೦೬೦ರ ದಶಕದ ಧಾರವಾಡ. ನಾಡನ್ನೆಲ್ಲ ನಗಿಸಿದ ಅಂಕಣಕಾರ ಹೂಗಾರರ ಬರಹಕ್ಕೇ ಬರ ಬಿದ್ದಿತ್ತು. ಅಂಕಣ ನಿಂತಾಗ ಓದುಗರು ಸಂಪಾದಕರಿಗೆ ಸಂತಾಪ ಸೂಚಿಸಿದ್ದರು. ಅದನ್ನೂ ನಕ್ಕು ನುಂಗಬಹುದಿತ್ತು. ನುಂಗಲಾಗದ್ದು ಅಕ್ಕನ ಮಾತು.

ತಾಯಿಯಿಲ್ಲದ ಹೂಗಾರರನ್ನು ಸಾಕಿದವಳು ಅಕ್ಕ ನೀಲವ್ವ. ಅವಳಿಗೆ ಓದಿ ಹೇಳದೆ ಅವರು ಒಂದು ಬರಹವನ್ನೂ ಪತ್ರಿಕೆಗೆ ಕಳಿಸಿದವರಲ್ಲ. ಅವಳು ಜೋಳ ಹಸನು ಮಾಡುತ್ತ ಕೇಳುವಳು. ಸುಳ್ಳು ಸಾಲು ಬಂದರೆ ಕೈ ನಿಲ್ಲುವುದು. ಅಷ್ಟೇ ವಿಮರ್ಶೆ. ಅಂಥವಳು ಗುಂಡಿಗೆ ಸೋತು ಹಾಸಿಗೆ ಹಿಡಿದಾಗ ಹೇಳಿದ್ದಳು: "ಊರ ಮಂದಿ ಮ್ಯಾಲೆಲ್ಲಾ ಬರದಿ. ನನ್ ಮ್ಯಾಲೊಂದು ಬರಿಯೋ. ಸತ್ತ ಮ್ಯಾಲೆ ಬರದ್ರ ನಾ ಹೆಂಗ ಕೇಳ್ಲಿ?"

ಅಂದಿನಿಂದ ಹೂಗಾರರು ಮೊದಲ ಸಾಲು ಬರೆಯುವುದು, ಹೊಡೆದುಹಾಕುವುದು.

ಡಾ. ಇಟಗಿಯವರ ಸಂಶೋಧನೆ ಹುಟ್ಟಿದ್ದೇ ಈ ಹೊಡೆದುಹಾಕುವ ಚಟದಿಂದ. ಅನೇಕ ಸಾಹಿತಿಗಳನ್ನು ಕೂರಿಸಿ, ಅವರು ಸಾಲು ಹೊಡೆದುಹಾಕುವ ಗಳಿಗೆಯಲ್ಲಿ ಮಿದುಳಿನ ಚಿತ್ರ ತೆಗೆದರು. ಪ್ರತಿ ಸಲವೂ ಹಣೆಯ ಹಿಂದೆ ತೊಗರಿಬೇಳೆಯಷ್ಟು ನರಕೋಶಗಳ ಗುಂಪೊಂದು ಕೆಂಡವಾಗುತ್ತಿತ್ತು. "ಇದ ಏನ್ರೀ ನಿಮ್ಮ ವೈರಿ?" ಎಂದು ಕೇಳಿದರು. ಯಾವ ಸಭೆಯಲ್ಲೂ ಒಮ್ಮತಕ್ಕೆ ಬಾರದ ಸಾಹಿತಿಗಳು ಒಕ್ಕೊರಲಿನಿಂದ "ಹೌದು" ಎಂದರು. ಆ ಬೇಳೆಗೆ ಬೇರೇನಾದರೂ ಕೆಲಸವಿದೆಯೇ ಎಂದು ಒಬ್ಬರೂ ಕೇಳಲಿಲ್ಲ. ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಧ್ವನಿ ಹಾಯಿಸಿ ಅದನ್ನು ಶಾಶ್ವತವಾಗಿ ಮಲಗಿಸುವ ಟೊಪ್ಪಿಗೆಯೇ ಈ 'ಸರಾಗ'.

ಹೂಗಾರರು ಆ ಸಂಜೆಯೇ ಅಕ್ಕನ ಕತೆ ಬರೆದು ಓದಿದರು. ಮರುದಿನ ಇನ್ನೊಂದು. ಆಮೇಲೆ ಮತ್ತೊಂದು. ಒಂದರಲ್ಲಿ ಅಕ್ಕ ತ್ಯಾಗಮಯಿ, ಒಂದರಲ್ಲಿ ಗಯ್ಯಾಳಿ, ಒಂದರಲ್ಲಿ ಪ್ರೀತಿಸಿದವನನ್ನು ತಮ್ಮನಿಗಾಗಿ ತೊರೆದವಳು. ವಾರ ಕಳೆದ ಮೇಲೆ ನೀಲವ್ವ ದಿಂಬಿಗೊರಗಿ ಕೇಳಿದಳು:

"ತಮ್ಮಾ, ಇದ್ರಾಗ ನಾ ಯಾವಾಕಿ?"

ಹೂಗಾರರು ಎಲ್ಲವನ್ನೂ ಮತ್ತೆ ಓದಿದರು. ಎಲ್ಲವೂ ಸರಿಯಾಗಿದ್ದವು. ಮೊದಲಾದರೆ ತಪ್ಪಿದ ಸಾಲಿಗೆ ಎದೆಯೊಳಗೆ ಇರುವೆ ಕಚ್ಚಿದಂತಾಗುತ್ತಿತ್ತು. ಈಗ ಏನೂ ಕಚ್ಚಲಿಲ್ಲ.

"ಎಲ್ಲಾನೂ ನೀನ ಅಕ್ಕಾ."

"ಹಂಗಾರ ಒಂದೂ ಅಲ್ಲ ಬಿಡು," ಎಂದಳು ಅವಳು. "ಮೊದಲ ನನ್ನ ಮುಂದ ಓದೂವಾಗ ಹೆಂಗ ನಡಗ್ತಿದ್ದಿ. ಈಗ ಬಸ್ ಸ್ಟ್ಯಾಂಡಿನ್ಯಾಗ ಕೂಗಿ ಹೇಳ್ದಂಗ ಓದ್ತಿ."

ಹೂಗಾರರು ಪ್ರಯೋಗಶಾಲೆಗೆ ಓಡಿದರು. "ನನ್ನ ಅಡ್ಡಿ ನನಗ ತಿರಗಿ ಕೊಡ್ರಿ. ಅಕ್ಕ ಇರೂದ್ರಾಗ ಒಂದ್ ಖರೇ ಸಾಲು ಬರೀಬೇಕ್ರಿ."

"ಅದು ಮತ್ತ ಚಿಗಿಯೂದಿಲ್ರೀ."

"ಹಂಗಂತ ನೀವು ಮೊದಲ ಯಾಕ ಹೇಳ್ಲಿಲ್ಲ? ಏನೂ ಅಪಾಯ ಇಲ್ಲಂತ ನಿಮ್ಮ ಸಂಶೋಧನಾ ಪ್ರಬಂಧದಾಗ ಬರದೀರಿ!"

ಇಟಗಿಯವರು ಟೊಪ್ಪಿಗೆಯನ್ನು ಕೈಗೆತ್ತಿಕೊಂಡರು. "ಆ ಪ್ರಬಂಧ ಮುಂದ ಹೋಗವಲ್ದಾಗಿತ್ರೀ. ಅದಕ್ಕ ಈ ಟೊಪಗಿ ಮೊದಲ ನಾನ ಹಾಕ್ಕೊಂಡೆ. ಆಮ್ಯಾಲ ಒಂದ ದಿನದಾಗ ಬರದೆ. ಈಗೂ ತಗದು ಓದ್ತೀನಿ. ಓದಿದ್ರ ಎಲ್ಲಾ ಸರಿನ ಅನಸ್ತದ."

ಆ ವರ್ಷ ಸರಾಗ ಓಣಿ ಓಣಿಗೂ ಬಂತು. ದೀಪಾವಳಿ ವಿಶೇಷಾಂಕಗಳು ದಿಂಬಿನಷ್ಟು ದಪ್ಪವಾದವು, ದಿಂಬಾಗಿಯೇ ಬಳಕೆಯೂ ಆದವು.

ನೀಲವ್ವನ ಕೊನೆಯ ಸಂಜೆ ಹೂಗಾರರು ಹೊಸ ಹಾಳೆಗಳೊಂದಿಗೆ ಬಂದರು. "ಓದಬ್ಯಾಡ, ಸುಮ್ನ ಕೂಡು," ಎಂದಳು. ಕೂತರು. ಅವಳ ಉಸಿರು ನಿಲ್ಲುವಾಗಲೂ ಅವರ ಬೆರಳು ಮಂಡಿಯ ಮೇಲೆ ಏನೋ ಗೀಚುತ್ತಲೇ ಇತ್ತು. ಮರುದಿನ ಕಳಿಸಿದ ಶ್ರದ್ಧಾಂಜಲಿ ಓದಿ ಸಂಪಾದಕರು, ಒಂದಕ್ಷರವನ್ನೂ ತಿದ್ದುವಂತಿಲ್ಲ ಎಂದು ಹೊಗಳಿದರು. ಹೂಗಾರರು ಅದನ್ನು ನಂಬಿದರು. ನಂಬದಿರುವ ದಾರಿ ಅವರಿಗೆ ಉಳಿದಿರಲಿಲ್ಲ.

ಈ ಹೊತ್ತು ಟೊಪ್ಪಿಗೆ ತೊಡದೆ ಖಾಲಿ ಹಾಳೆಯ ಮುಂದೆ ಒಂದು ಸಾಲು ಬರೆದು, ಛೇ ಎಂದು ಹೊಡೆದು, ತಲೆ ಚಚ್ಚಿಕೊಳ್ಳುತ್ತ ಕೂತವರು ಎಷ್ಟು ಮಂದಿಯೋ. ಅವರ ಜಾಗದಲ್ಲಿ ಒಂದೇ ಒಂದು ಗಳಿಗೆ ಕೂರುವುದಕ್ಕೆ ಹೂಗಾರರು ತಾವು ಬರೆದದ್ದನ್ನೆಲ್ಲ ಕೊಟ್ಟುಬಿಟ್ಟಾರು.