ಕೆಂಪು ಬಟ್ಟೆ ಕಟ್ಟಿದ ಜೊಂಡು

"ತಗೊಳ್ಳಿ ನಿಮ್ಮ ಬಟ್ಟೆ!"

ಮುಷ್ಟಿ ತುಂಬ ಹಿಡಿದಿದ್ದ ಕೆಂಪು ಚಿಂದಿಗಳನ್ನು ಅವಳು ಅವನ ಎದೆಗೇ ಎಸೆದಳು.

ಅವನು ಕಡಲಂಚಿನ ಜೌಗಿನಲ್ಲಿ ಕಳೆ ಕೀಳಿಸುವ ಮೇಸ್ತ್ರಿ. ಅವಳು ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಹೆಸರು ಬರೆಯುವ ಕಚೇರಿಯವಳು. ಆಳುಗಳು ಹಿಂದಿನಿಂದ ಅವಳನ್ನು ಕರೆಯುತ್ತಿದ್ದದ್ದು 'ಭೂತಗನ್ನಡಿ' ಎಂದು! ಎರಡು ತಿಂಗಳಿಂದ ಇಬ್ಬರೂ ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದರು.

"ನಿಮಗೆ ಕಾಯಿ ನೋಡೋಕೂ ಬರಲ್ವಾ? ಹೊರಗಿಂದ ಬಂದ ಮುಳ್ಳುಜೊಂಡಿನ ಕಾಯಿ ದಪ್ಪ, ಎಸಳಿಂದ ಆಚೆ ಉಬ್ಬಿರುತ್ತೆ. ನೀವು ಬಟ್ಟೆ ಕಟ್ಟಿರೋದೆಲ್ಲ ಸಣ್ಣ ಕಾಯಿದು. ಇಲ್ಲೇ ಹುಟ್ಟಿದ ಜೊಂಡು! ನಮ್ಮ ಚಿಕ್ಕಮ್ಮ ಚಾಪೆ ಹೆಣೆಯೋದು ಇದರಲ್ಲೇ. ಇಲ್ಲಿ ಹೋದ್ರೆ ಇನ್ನೆಲ್ಲೂ ಇಲ್ಲ. ಬೆಳಿಗ್ಗೆನೇ ಬಂದು ಗುರುತೆಲ್ಲ ಬಿಚ್ಚಿದೀನಿ. ಈಗ ಹೇಗೆ ಅಗೀತೀರೋ ನೋಡ್ತೀನಿ!"

ಅವನ ಮುಖ ಬಿಳಿಚಿಕೊಂಡಿತು.

"ಎಲ್ಲಾ... ಬಿಚ್ಚಿದ್ರಾ?"

"ಒಂದೂ ಬಿಟ್ಟಿಲ್ಲ!"

"ತಲೆ ಕೆಟ್ಟಿದೆಯೇನ್ರೀ? ಬಟ್ಟೆ ಕಟ್ಟಿದ್ದನ್ನ ಮುಟ್ಟಬೇಡಿ, ಮಿಕ್ಕಿದ್ದು ಕೀಳಿ ಅಂತ ಹೇಳಿದೀನಿ ಆಳುಗಳಿಗೆ!"

ಅವನು ಕೆಸರಿನಲ್ಲಿ ಎದ್ದೂಬಿದ್ದೂ ಓಡಿದ. "ನಿಲ್ಸಿ! ಗುದ್ದಲಿ ಕೆಳಗಿಡಿ!"

ಅವಳೂ ಹಿಂದೆಯೇ ಓಡಿದಳು. ಅಯ್ಯೋ... ನಾನೇನು ಮಾಡಿಬಿಟ್ಟೆ!

ಆಳುಗಳು ನಿಂತರು. ಆದರೆ ಅಷ್ಟರಲ್ಲಿ ಮೂರು ಬುಡಗಳು ಬೇರು ಮೇಲಾಗಿ ಬಿದ್ದಿದ್ದವು. ಮೂರರಲ್ಲೂ ಸಣ್ಣ ಕಾಯಿ.

"ಒಂದೊಂದೇ ಕಾಯಿ ನೋಡಿ ಕಟ್ಟಿದ್ದೆ," ಎಂದ ಅವನು, ಹಲ್ಲು ಕಚ್ಚಿ.

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು? ನಿಮ್ಮ ಮೇಲೆ ಎರಡು ಸಲ ದೂರು ಕೊಟ್ಟೆ. ಆಗಲೂ ಗುಮ್ಮನ ಹಾಗೆ ಕೂತಿದ್ರಿ!"

ಅವನು ಜೇಬಿನಿಂದ ಆದೇಶದ ಪ್ರತಿ ತೆಗೆದು ಚಾಚಿದ. ಜೌಗಿನ ಜೊಂಡೆಲ್ಲ ಹೊರಗಿನದು, ಕೀಳಬೇಕು ಎಂದಿತ್ತು. ಜೊತೆಗೆ ಅದಕ್ಕೆ ಆಧಾರವಾದ ಹಾಳೆಯ ನಕಲು. ಎರಡು ವರ್ಷದ ಹಿಂದೆ ಯಾರೋ ಇಲ್ಲಿಂದ ಕಳಿಸಿದ್ದ ಒಣ ಕಡ್ಡಿ. ಹೂವಿಲ್ಲ, ಕಾಯಿಲ್ಲ. ಕೆಳಗೆ 'ಮುಳ್ಳುಜೊಂಡು' ಎಂಬ ಬರಹ.

ಅದರಡಿ ಅವಳದೇ ಸಹಿ!

ತುದಿ ಚೂಪಾಗಿದೆ ಎಂದಷ್ಟೇ ನೋಡಿ ಕುರ್ಚಿಯಿಂದ ಏಳದೆ ಹೆಸರು ಬರೆದಿದ್ದಳು. ಹುಟ್ಟಿದಾಗಿನಿಂದ ಮಲಗಿದ ಚಾಪೆಯನ್ನೇ ಗುರುತಿಸಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಆಗ ಇದನ್ನ ತೋರಿಸಿದ್ರೆ ನಿಮ್ಮ ಕೆಲಸ ಹೋಗ್ತಿತ್ತು."

"ಹೋದ್ರೆ ನಿಮಗೇನಂತೆ?"

"ದಿನಾ ಬೈಯೋಕೆ ಯಾರು ಬರ್ತಾರೆ ಇಲ್ಲಿ?" ಅವನೂ ರೇಗಿದ. "ಇಷ್ಟ ಕಣ್ರೀ ನೀವು ನನಗೆ! ಸಾಕಾ?"

ಆಳುಗಳು ಗುದ್ದಲಿ ಹಿಡಿದುಕೊಂಡೇ ಬೇರೆ ಕಡೆ ನೋಡಿದರು.

ಅವಳು ಕೆಸರಿಗೆ ಮಂಡಿಯೂರಿ, ಬಿದ್ದಿದ್ದ ಬುಡವೊಂದನ್ನು ಎತ್ತಿ ಗುಂಡಿಯಲ್ಲಿಟ್ಟಳು. ಅವನೂ ಬಂದು ಬೇರಿಗೆ ಮಣ್ಣು ಒತ್ತಿದ. ಮೂರನ್ನೂ ನೆಟ್ಟಾಗ ಇಬ್ಬರಿಗೂ ಮೊಣಕೈವರೆಗೆ ಕೆಸರು.

"ಇವತ್ತೇ ಹೋಗಿ ಹಾಳೆ ತಿದ್ದಿಸ್ತೀನಿ. ತಪ್ಪು ನಂದೇ ಅಂತ ಬರೆದುಕೊಡ್ತೀನಿ."

"ಕೆಲಸ ಹೋದ್ರೆ?"

"ಹೋಗಲಿ. ಬೈಯೋಕೆ ಕಚೇರಿ ಅಪ್ಪಣೆ ಬೇಕಾ?"

ಅವಳು ನೆಲದಿಂದ ಒಂದು ಕೆಂಪು ಚಿಂದಿ ಎತ್ತಿಕೊಂಡು ಅವನ ಮಣಿಕಟ್ಟಿಗೆ ಸುತ್ತಿದಳು.

"ಇದ್ಯಾಕೆ?"

"ಬಟ್ಟೆ ಕಟ್ಟಿದ್ದನ್ನ ಯಾರೂ ಮುಟ್ಟಬಾರದು ಅಂದ್ರಲ್ಲ..." ಅವಳು ತಲೆ ಎತ್ತಲಿಲ್ಲ.

ಅವನು ಕೈಯನ್ನು ಇನ್ನಷ್ಟು ಹತ್ತಿರ ಚಾಚಿದ.

"ಗಂಟು ಸ್ವಲ್ಪ ಬಿಗಿಯಾಗೇ ಹಾಕಿ. ನಾಳೆ ಬೆಳಿಗ್ಗೆ ಬಂದು ಬಿಚ್ಚಿಬಿಟ್ಟೀರಿ ಮತ್ತೆ!"