ಡೀಸೆಲ್ ನಡೆದ ದಾರಿ

"ಡೀಸೆಲ್, ಅಲ್ಲೇ ನಿಲ್ಲು. ಪ್ಲೀಸ್. ಒಂದು ಹೆಜ್ಜೆನೂ ಇಡ್ಬೇಡ," ಎಂದು ಟರೀಟಾ ಪಿಸುಗುಟ್ಟಿದಳು.

ಡೀಸೆಲ್ ನಿಂತಿತು. ಆದರೆ ನಿಂತ ಜಾಗ ಸರಿ ಇರಲಿಲ್ಲ. ಅದರ ಮುಂಗಾಲುಗಳೆರಡೂ ಬಿಳಿ ಬಣ್ಣ ಕಲಸಿಟ್ಟ ತಟ್ಟೆಯಲ್ಲಿದ್ದವು. ಮೂಗಿನ ಮುಂದೆ ಅಜ್ಜಿಯ ದೊಡ್ಡ ಕ್ಯಾನ್ವಾಸ್ ಹಾಸಿತ್ತು. ನಾಯಿ ಟರೀಟಾಳನ್ನು ನೋಡಿತು, ಬಾಲ ಆಡಿಸಿತು, ಪ್ರೀತಿ ಉಕ್ಕಿ ಬಂದು ನೇರವಾಗಿ ಅವಳ ಹತ್ತಿರ ನಡೆದೇ ಬಂತು. ಅವಳು ಕೂತಿದ್ದದ್ದು ಕ್ಯಾನ್ವಾಸಿನ ಆಚೆ ತುದಿಯಲ್ಲಿ.

ಆ ಕೆಂಪು ಮರಳಿನ ಊರಿನಲ್ಲಿ ಮನುಷ್ಯರಿಗಿಂತ ನಾಯಿಗಳೇ ಜಾಸ್ತಿ. ಮೇವಿಸ್ ಅಜ್ಜಿಯ ಜಗಲಿಯಲ್ಲಂತೂ ಕಾಲಿಟ್ಟ ಕಡೆ ನಾಯಿ. ಅಜ್ಜಿ ನೆಲದ ಮೇಲೆ ಕಾಲು ಮಡಚಿ ಕೂತು, ಮೆಲ್ಲಗೆ ಹಾಡಿಕೊಳ್ಳುತ್ತಾ, ಬಣ್ಣದ ಚುಕ್ಕೆ ಇಟ್ಟು ಚಿತ್ರ ಬಿಡಿಸುವಾಗ ಅವೆಲ್ಲ ಸುತ್ತ ಮಲಗಿ ಗೊರಕೆ ಹೊಡೆಯುತ್ತಿದ್ದವು. ಅಜ್ಜಿ ಇದ್ದರೆ ಒಂದಕ್ಕೂ ಕ್ಯಾನ್ವಾಸ್ ತುಳಿಯುವ ಧೈರ್ಯ ಇಲ್ಲ. ಇವತ್ತು ಅಜ್ಜಿ ಬಿ.ಪಿ. ತೋರಿಸಲು ಕ್ಲಿನಿಕ್‌ಗೆ ಹೋಗಿದ್ದಳು.

ಹೋಗುವ ಮುಂಚೆ, ಸ್ಕೂಲಿನಿಂದ ಆಗ ತಾನೇ ಬಂದ ಟರೀಟಾಳ ಕೈಗೆ ಚುಕ್ಕೆ ಇಡುವ ಕಡ್ಡಿ ಕೊಟ್ಟಿದ್ದಳು.

"ಈ ಮೂಲೆ ನಿಂದು. ಹಳದಿ ಒಂದು ಸಾಲು, ಬಿಳಿ ಒಂದು ಸಾಲು. ಬೇರೆ ಏನಾದ್ರೂ ತಲೇಗೆ ಬಂದ್ರೆ ತಲೇಲೇ ಇಟ್ಕೋ. ನೀಟಾಗಿ ಮಾಡಿದ್ರೆ ನಿಂಗೇ ಅಂತ ಒಂದು ಕ್ಯಾನ್ವಾಸ್ ಕೊಡ್ತೀನಿ."

ಸ್ವಂತ ಕ್ಯಾನ್ವಾಸ್. ಅದಕ್ಕಾಗಿ ಟರೀಟಾ ಅಜ್ಜಿಯ ತಲೆ ತಿನ್ನಲು ಶುರು ಮಾಡಿ ಎಷ್ಟು ಕಾಲವಾಯಿತೋ. ಅದರಲ್ಲಿ ಏನು ಬಿಡಿಸಬೇಕು ಎಂದು ಅವಳು ಆಗಲೇ ನಿರ್ಧರಿಸಿಬಿಟ್ಟಿದ್ದಳು. ಒಂದು ಎಮು ಪಕ್ಷಿ, ಒಂದು ದಪ್ಪ ಉಡ, ಮೇಲೆ ಕಾಮನಬಿಲ್ಲು. ಜಾಗ ಉಳಿದರೆ ಫುಟ್‌ಬಾಲ್ ಟೀಮಿನ ಬಣ್ಣ. ಅದಕ್ಕೇ ಉಸಿರು ಬಿಗಿಹಿಡಿದು ಒಂದೊಂದೇ ಚುಕ್ಕೆ ಇಟ್ಟಿದ್ದಳು. ಈಗ ನೋಡಿದರೆ ಕ್ಯಾನ್ವಾಸಿನ ನಡುಮಧ್ಯೆ ಬಿಳಿ ಬಿಳಿ ನಾಯಿ ಹೆಜ್ಜೆ.

ಅಷ್ಟರಲ್ಲಿ ಚಿಪ್ಸ್ ಮೆಲ್ಲುತ್ತಾ ಡ್ವೇನ್ ಬಂದ. ಡ್ವೇನ್ ಅವಳ ದೊಡ್ಡಮ್ಮನ ಮಗ, ಅವಳದೇ ಕ್ಲಾಸು. ಬೇರೆಯವರಿಗೆ ಬೈಗುಳ ಬೀಳುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವುದರಲ್ಲಿ ಅವನದು ಎತ್ತಿದ ಕೈ.

"ಸತ್ತೆ ನೀನು," ಎಂದ ಬಲು ಖುಷಿಯಿಂದ.

"ಒದ್ದೆ ಬಟ್ಟೆ ತಗೊಂಡ್ ಬಾ. ಒರೆಸ್ತೀನಿ."

"ಒರೆಸಿದ್ರೆ ಕೆಳಗಿರೋ ಚುಕ್ಕೆನೂ ಕಿತ್ಕೊಂಡು ಬರುತ್ತೆ. ಅದ್ನೇ ಡಿಸೈನ್ ಮಾಡ್ಬಿಡು. ಬೇಕು ಅಂತ್ಲೇ ಬಿಡಿಸಿದ್ದು ಅನ್ನೋ ಥರ."

ಟರೀಟಾ ಯೋಚಿಸಿದಳು. ಡ್ವೇನನ ಐಡಿಯಾ ಕೇಳಿ ಕೆಟ್ಟವರು ಊರಲ್ಲಿ ಬಹಳ ಜನ. ಆದರೂ ಬೇರೆ ದಾರಿ ಕಾಣಲಿಲ್ಲ.

ಡೀಸೆಲ್‌ನ ಒಂದು ಮುಂಗಾಲು ಕುಂಟು. ಅದರ ಹೆಜ್ಜೆಗಳು ಅಡ್ಡಾದಿಡ್ಡಿಯಾಗಿ ಬಿದ್ದಿದ್ದವು. ಟರೀಟಾ ಅವನ್ನೆಲ್ಲ ನೆಟ್ಟಗೆ ಮಾಡಿದಳು. ದುಂಡನೆಯ ಪಾದ, ಮುಂದೆ ನಾಲ್ಕು ಬೆರಳು, ಸುತ್ತ ಹಳದಿ ಚುಕ್ಕೆ. ಮಾಡುತ್ತಾ ಮಾಡುತ್ತಾ ಭಯ ಹೋಗಿ ಮಜಾ ಬಂತು. ಅಜ್ಜಿ ಬಿಡಿಸಿದ್ದ ನೀರಿನ ಗುಂಡಿಯ ಹತ್ತಿರಕ್ಕೆ ಹೆಜ್ಜೆಗಳನ್ನು ತಿರುಗಿಸಿದಳು. ಚೆಂದ ಕಾಣಲಿ ಎಂದು ಗುಂಡಿಯ ಸುತ್ತ ಒಂದು ಸುತ್ತು ಹಾಕಿಸಿದಳು. ಆಮೇಲೆ ಆಚೆ ಬದಿಯಿಂದ ಸಾಲಾಗಿ ಹೊರಗೆ ಕಳಿಸಿದಳು.

"ಅಜ್ಜಿದಕ್ಕಿಂತ ಸೂಪರಾಗಿದೆ," ಎಂದ ಡ್ವೇನ್.

"ಶ್, ಸುಮ್ನಿರು," ಎಂದಳು ಟರೀಟಾ. ಒಳಗೊಳಗೆ ಅವಳಿಗೂ ಹಾಗೇ ಅನ್ನಿಸಿತ್ತು.

ಆಗ ಜಗಲಿಯ ಮೆಟ್ಟಿಲ ಹತ್ತಿರ ಕೆಮ್ಮಿದ ಸದ್ದು ಕೇಳಿತು. ಮುದುಕ ಕ್ಲಾರೆನ್ಸ್ ಟೀ ಕುಡಿಯಲು ಬಂದಿದ್ದ. ಬಿಳಿ ಗಡ್ಡ, ತಲೆಗೆ ಕೌಬಾಯ್ ಹ್ಯಾಟು. ಆ ಊರಿನಲ್ಲಿ ಹುಟ್ಟಿದ ಕೂಡಲೇ ಎಲ್ಲರಿಗೂ ಎಲ್ಲರೂ ನೆಂಟಸ್ತಿಕೆಯಲ್ಲಿ ಏನಾದರೊಂದು ಆಗುತ್ತಾರೆ, ವಯಸ್ಸು ಲೆಕ್ಕಕ್ಕಿಲ್ಲ. ಆ ಲೆಕ್ಕದಲ್ಲಿ ಟರೀಟಾ ಈ ಮುದುಕನಿಗೆ ತಾಯಿ. ಅದನ್ನು ಅವನು ಒಂದು ದಿನವೂ ಮರೆಯುತ್ತಿರಲಿಲ್ಲ.

"ಅಮ್ಮಾ, ನಿನ್ ಮಗನಿಗೆ ಬಾಯಾರಿಕೆ. ಒಂದು ಟೀ ಕೊಡಮ್ಮ. ಸಕ್ಕರೆ ಜಾಸ್ತಿ ಹಾಕು."

"ನಿಂಗೆ ಶುಗರ್ ಇದೆ, ಮಗನೇ. ಒಂದೇ ಚಮಚ."

"ಎಂಥಾ ಕಲ್ಲು ಮನಸ್ಸಿನ ತಾಯಿ ಸಿಕ್ಕಿದಳಪ್ಪಾ ನಂಗೆ," ಎಂದು ಕ್ಲಾರೆನ್ಸ್ ನಾಯಿಗಳಿಗೆ ದೂರು ಹೇಳಿದ.

ಟೀ ಕೈಗೆ ಬಂದ ಮೇಲೆ ಅವನು ಕ್ಯಾನ್ವಾಸಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಆ ಊರಿನಲ್ಲಿ ಒಂದೊಂದು ಕತೆ ಒಂದೊಂದು ಮನೆತನದ್ದು. ಈ ಚಿತ್ರದ ಕತೆ ಅಜ್ಜಿಗೆ ಅವಳ ಅಪ್ಪನ ಕಡೆಯಿಂದ ಬಂದದ್ದು. ಬಿಡಿಸುವುದು ಅಜ್ಜಿಯ ಕೆಲಸ. ಸರಿಯಾಗಿ ಬಿಡಿಸಿದ್ದಾಳೆಯೇ ಎಂದು ನೋಡುವುದು, ತಾಯಿಯ ಕಡೆಯಿಂದ ಆ ಕತೆಗೆ ಸೇರಿದ ಕ್ಲಾರೆನ್ಸನ ಕೆಲಸ. ಅವನು ಹೂಂ ಅನ್ನದೆ ಕ್ಯಾನ್ವಾಸ್ ಜಗಲಿ ಇಳಿಯುತ್ತಿರಲಿಲ್ಲ.

ಮುದುಕ ಅಜ್ಜಿಯ ಹಾಡನ್ನೇ ಗುನುಗಲು ಶುರು ಮಾಡಿದ. ಚಿತ್ರದ ಮೇಲೆ, ಮುಟ್ಟದೆ, ಅವನ ಬೆರಳು ನಡೆಯಿತು. ಕತೆಯಲ್ಲಿ ಬರುವ ಹಿಂದಿನ ಕಾಲದ ಹೆಂಗಸರು ಇಲ್ಲಿಂದ ಹೊರಟರು. ಇಲ್ಲಿ ಕಾಡು ಈರುಳ್ಳಿ ಅಗೆದರು. ಇಲ್ಲಿ ನೀರಿನ ಗುಂಡಿಯ ಹತ್ತಿರ ಕೂತರು. ಹಾಡು ಅಲ್ಲಿಗೆ ನಿಂತಿತು.

"ಇದ್ಯಾರಮ್ಮ ಇಲ್ಲಿ?"

"ನಾಯಿ," ಎಂದಳು ಟರೀಟಾ.

"ಅದು ಕಾಣ್ಸುತ್ತೆ. ಯಾವ ನಾಯಿ?"

"ಡೀಸೆಲ್. ಪೇಂಟ್ ತುಳ್ದು ಓಡಾಡ್ಬಿಡ್ತು."

"ಡೀಸೆಲ್ ಕುಂಟ. ಈ ನಾಯಿ ಕುಂಟಲ್ಲ. ನೆಟ್ಟಗೆ ಬಂದಿದೆ, ನಿನ್ನಜ್ಜಿ ಗುಂಡೀಲಿ ನೀರು ಕುಡ್ದಿದೆ, ಒಂದು ಸುತ್ತು ಹಾಕಿದೆ, ಪಶ್ಚಿಮಕ್ಕೆ ಹೋಗಿದೆ." ಕ್ಲಾರೆನ್ಸ್ ಟೀ ಲೋಟ ಕೆಳಗಿಟ್ಟ. "ನಾಯಿ ಕತೆ ನಮ್ದು. ನಮ್ಮಪ್ಪಂದು, ಅವರಪ್ಪಂದು. ಹಿಂದಿನ ಕಾಲದಲ್ಲಿ ನಮ್ಮ ನಾಯಿ ನಮ್ಮ ಬೆಟ್ಟದಿಂದ ಹೊರಟು ಉತ್ತರಕ್ಕೆ ಹೋಗಿದ್ದು. ಈ ಕಡೆ ತಲೆ ಹಾಕಿನೂ ಮಲಗಿಲ್ಲ. ನೀನು ನೋಡಿದ್ರೆ ಇಲ್ಲಿಗೆ ಬಂದು ನೀರು ಕುಡೀತು ಅಂತಿದೀಯ. ನಾಳೆ ನಮ್ಮಣ್ಣಂದಿರು ಇದನ್ನ ನೋಡಿ ಏನಂತಾರೆ? ಏನೋ ಕ್ಲಾರೆನ್ಸಾ, ನಾಯೀನ ಮೇವಿಸ್‌ಗೆ ಕೊಟ್ಬಿಟ್ಯಾ ಅಂತಾರೆ."

"ನಾನು ಹಂಗೇನೂ ಹೇಳಿಲ್ಲ. ಬಿಡಿಸ್ದೆ ಅಷ್ಟೇ."

ಇಷ್ಟು ಹೊತ್ತು ತಮಾಷೆ ಮಾಡುತ್ತಿದ್ದ ಮುದುಕ ಈಗ ನಗಲಿಲ್ಲ. "ಎರಡೂ ಒಂದೇ ಕಣಮ್ಮ," ಎಂದ.

ಡ್ವೇನ್‌ಗೆ ಇದ್ದಕ್ಕಿದ್ದಂತೆ ಫುಟ್‌ಬಾಲ್ ಪ್ರಾಕ್ಟೀಸ್ ನೆನಪಾಯಿತು. ಚಿಪ್ಸ್ ಪೊಟ್ಟಣ ಸಮೇತ ಮಾಯವಾದ.

ಕ್ಲಿನಿಕ್‌ನಿಂದ ಬಂದ ಅಜ್ಜಿ ಮೊದಲು ಕ್ಯಾನ್ವಾಸ್ ನೋಡಿದಳು. ಆಮೇಲೆ ಮೂಲೆಯಲ್ಲಿ ಮುದುಡಿ ಕೂತಿದ್ದ ಡೀಸೆಲ್‌ನ ಬಿಳಿ ಕಾಲು ನೋಡಿದಳು.

"ಎಲಾ ದರಿದ್ರದ ನಾಯಿ," ಎನ್ನುತ್ತಾ ಪೊರಕೆಗೆ ಕೈ ಹಾಕಿದಳು.

ಟರೀಟಾ ಸುಮ್ಮನಿದ್ದರೆ ಸಾಕಿತ್ತು. ತಪ್ಪೆಲ್ಲ ಡೀಸೆಲ್‌ನ ತಲೆಗೆ ಹೋಗುತ್ತಿತ್ತು, ಅವಳ ಕ್ಯಾನ್ವಾಸ್ ಅವಳಿಗೆ ಸಿಗುತ್ತಿತ್ತು. ಕ್ಲಾರೆನ್ಸ್ ಎಲ್ಲೋ ನೋಡುತ್ತಾ ಟೀ ಕುಡಿಯುತ್ತಿದ್ದ. ಅವನು ಬಾಯಿ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಡೀಸೆಲ್ ಮಾತ್ರ ಅವಳನ್ನೇ ನೋಡುತ್ತಿತ್ತು.

"ಅಜ್ಜಿ, ಹೊಡೀಬೇಡ. ಡೀಸೆಲ್ ಬರೀ ತುಳ್ದಿದ್ದು. ನೀರು ಕುಡ್ಸಿದ್ದು ನಾನು."

ಅಜ್ಜಿ ಪೊರಕೆ ಇಟ್ಟು, ಕನ್ನಡಕ ಹಾಕಿಕೊಂಡು, ಹೆಜ್ಜೆಗಳನ್ನು ಮತ್ತೆ ನೋಡಿದಳು. ಕ್ಲಾರೆನ್ಸನ ಜೊತೆ ತಗ್ಗಿದ ದನಿಯಲ್ಲಿ ಏನೋ ಮಾತಾಡಿದಳು. ಆಗದು ಎಂಬಂತೆ ಅವನು ತಲೆ ಅಲ್ಲಾಡಿಸಿದ. ನಾಯಿ ಕತೆ ಅವನೊಬ್ಬನದಾಗಿದ್ದರೆ ಹೇಗೋ ಏನೋ, ಅಣ್ಣಂದಿರಿಗೂ ಸೇರಿದ್ದು.

"ಮುಚ್ಚಬೇಕು," ಎಂದಳು ಅಜ್ಜಿ. "ನೀನೇ ಮುಚ್ಚು."

"ಚೆನ್ನಾಗಿದೆ ಅಲ್ವಾ ಅಜ್ಜಿ?" ಎಂದಳು ಟರೀಟಾ.

"ಚೆನ್ನಾಗೇ ಇದೆ. ಅದೇ ತೊಂದ್ರೆ. ನೋಡಿದೋರೆಲ್ಲ ನಂಬ್ತಾರೆ."

ಟರೀಟಾ ಕಂದು ಬಣ್ಣ ತೆಗೆದುಕೊಂಡು ಒಂದೊಂದೇ ಹೆಜ್ಜೆಯನ್ನು ಮುಚ್ಚಿದಳು. ಅಳು ಬಂತು, ಅತ್ತಳು, ಮೂಗು ಒರೆಸಿಕೊಂಡು ಮತ್ತೆ ಮುಚ್ಚಿದಳು. ಬಣ್ಣ ಒಣಗಿದ ಮೇಲೆ ಅಜ್ಜಿ ನೀರಿನ ಗುಂಡಿಯನ್ನು ಹೊಸದಾಗಿ ಬಿಡಿಸಿದಳು. ಟರೀಟಾ ಪಕ್ಕದಲ್ಲಿ ಚುಕ್ಕೆ ಇಟ್ಟಳು. ಅಜ್ಜಿ ಹಾಡುತ್ತಿದ್ದಳು. ಈ ಸಲ ಟರೀಟಾ ಹಾಡನ್ನೂ ಕೇಳಿಸಿಕೊಂಡಳು. ಗೆರೆ ತಿರುಗುವ ಕಡೆ ಹಾಡೂ ತಿರುಗುತ್ತಿತ್ತು. ಇಷ್ಟು ದಿನ ಇದು ತನ್ನ ಕಿವಿಗೆ ಬೀಳಲೇ ಇಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಮರುದಿನ ಬೆಳಿಗ್ಗೆ, ಚಿತ್ರಗಳನ್ನು ಮಾರಾಟಕ್ಕೆ ಒಯ್ಯುವ ಆರ್ಟ್ ಸೆಂಟರಿನ ವ್ಯಾನು ಬಂತು. "ಇನ್ನೂ ಹಸಿ ಇದೆ, ನಾಳೆ ಬಾ," ಎಂದು ಅಜ್ಜಿ ಅದನ್ನು ಬರಿಗೈಯಲ್ಲಿ ಕಳಿಸಿದಳು. ಸಂಜೆ ಕ್ಲಾರೆನ್ಸ್ ಬಂದು, ಮೊದಲಿಂದ ಕೊನೆಯವರೆಗೆ ಗುನುಗಿದ. ಎಲ್ಲಿಯೂ ನಿಲ್ಲಲಿಲ್ಲ. "ಹೂಂ," ಎಂದ. ಆಮೇಲೆ, "ಅಮ್ಮಾ, ಈಗಾದ್ರೂ ಎರಡು ಚಮಚ?" ಎಂದ.

ಅವನಿಗೆ ಟೀ ಕೊಟ್ಟು ಟರೀಟಾ ತಿರುಗಿದರೆ, ಅಜ್ಜಿಯ ಮಡಿಲಲ್ಲಿ ಒಂದು ಪುಟ್ಟ ಕ್ಯಾನ್ವಾಸ್. ಕಪ್ಪು ಬಳಿದು ಸಿದ್ಧ ಮಾಡಿದ್ದು. ಅದನ್ನು ಕೇಳುವ ಧೈರ್ಯವೇ ಅವಳಿಗೆ ಇರಲಿಲ್ಲ.

"ತಗೋ. ಏನ್ ಬಿಡಿಸ್ತೀಯಾ?" ಎಂದಳು ಅಜ್ಜಿ.

ಟರೀಟಾ ಕಡ್ಡಿಯನ್ನು ಹಳದಿಯಲ್ಲಿ ಅದ್ದಿದಳು. ಎಮು ಎಂದು ಹೇಳಲು ಬಾಯಿ ತೆರೆದಳು. ಆದರೆ ಎಮು ಕತೆ ಡ್ವೇನನ ಅಪ್ಪನ ಮನೆಯವರದು. ಉಡ ಹಳ್ಳದಾಚೆಯವರದು. ಕಾಮನಬಿಲ್ಲು ಯಾರದೋ ಗೊತ್ತಿಲ್ಲ, ಯಾರದ್ದಾದರೂ ಇದ್ದೇ ಇರುತ್ತದೆ. ಕಡ್ಡಿಯ ತುದಿಯಲ್ಲಿ ಹಳದಿ ಬಣ್ಣ ಒಣಗಿತು.

"ಅಜ್ಜಿ," ಎಂದಳು, "ನಂದು ಯಾವುದು?"

ಅಜ್ಜಿ ಪಕ್ಕದಲ್ಲಿ ಮಲಗಿದ್ದ ನಾಯಿಗಳನ್ನು ಆಚೆ ತಳ್ಳಿ ಜಾಗ ಮಾಡಿದಳು.

"ಕೂತ್ಕೋ. ಬಹಳ ಹಿಂದಿನಿಂದ ಶುರು ಮಾಡ್ಬೇಕು."

ಟರೀಟಾ ಬಣ್ಣದ ಡಬ್ಬಿ ಮುಚ್ಚಿಟ್ಟು, ಕೇಳಲು ಕೂತಳು.