ತೋಳಿನ ಮೇಲೆ ಮೂರು ತಟ್ಟೆ

“ಅಂಕಲ್, ಇದನ್ನೂ ಎತ್ತಿಬಿಡಿ! ಏಯ್, ನೋಡ್ರೋ, ಕಡ್ಡಿ ಅವರಪ್ಪ! ಎಂಜಲೆತ್ತೋ ಅಂಕಲ್!”

ಕೂಗಿದವನು ಕಡ್ಡಿ ಅನ್ನುವ ಅಡ್ಡಹೆಸರಿನ ಹುಡುಗನ ಕ್ಲಾಸ್ ಲೀಡರ್. ಅವನ ಟೇಬಲ್ಲಿನಲ್ಲಿದ್ದ ಇಬ್ಬರು ಹುಡುಗರೂ ಅದೇ ಕ್ಲಾಸಿನವರು. ಕುಡಿಯುತ್ತಿದ್ದ ಜ್ಯೂಸು ಮೂಗಿಗೇರುವ ಹಾಗೆ ನಕ್ಕರು. ಲೀಡರನ ಚಿಕ್ಕಪ್ಪ ಮೊಬೈಲಿನಿಂದ ತಲೆ ಎತ್ತಿ, “ಶ್, ಹಾಗೆಲ್ಲಾ ಅನ್ನಬಾರ್ದು,” ಅಂದರು. ಅನ್ನುತ್ತಾ ಅವರೂ ನಕ್ಕರು.

ಕಡ್ಡಿಯ ಕಿವಿ ಕಾದ ತವಾದ ಹಾಗೆ ಬಿಸಿಯಾಯಿತು.

ಅಪ್ಪ ಅಲ್ಲೇ ನಿಂತಿದ್ದ. ಇಸ್ತ್ರಿ ಮಾಡಿದ ನೀಲಿ ಶರ್ಟು, ನೀರು ಹಚ್ಚಿ ಬಾಚಿದ ತಲೆ, ಎಡತೋಳಿನ ಮೇಲೆ ಬೇರೆ ಯಾರೋ ತಿಂದು ಬಿಟ್ಟುಹೋದ ಮೂರು ತಟ್ಟೆ.

“ಅಪ್ಪಾ! ಇವತ್ತು ನಿಂಗೆ ರಜಾ!” ಕಡ್ಡಿ ಹಲ್ಲು ಕಚ್ಚಿಕೊಂಡು ಹೇಳಿದ.

“ಅಯ್ಯೋ, ಹೌದಲ್ಲ!” ಅಪ್ಪ ತನ್ನ ತೋಳನ್ನೇ ಹೊಸದಾಗಿ ನೋಡುವವನ ಹಾಗೆ ನೋಡಿದ. “ಖಾಲಿ ತಟ್ಟೆ ಕಂಡ್ರೆ ಈ ಕಾಲು ತಾನೇ ಎದ್ದುಬಿಡುತ್ತೆ ಕಣೋ. ನನ್ನನ್ನ ಒಂದು ಮಾತೂ ಕೇಳಲ್ಲ.”

“ಮನೇಲಿ ಮಾತ್ರ ಆ ಕಾಲು ಗೊರಕೆ ಹೊಡೆಯುತ್ತೆ,” ಅಂದಳು ಅಮ್ಮ.

ಅದು ಬಸ್‌ಸ್ಟಾಪಿನ ಪಕ್ಕದ ಮೆಕ್ಸಿಕನ್ ಹೋಟೆಲು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ದೊಡ್ಡ ಮೆನು. ಕೌಂಟರಿನಲ್ಲಿ ಟೋಕನ್ ತಗೊಂಡು ಕಾಯಬೇಕು. ನಂಬರು ಕೂಗಿದಾಗ ತಟ್ಟೆಯನ್ನು ಅವರವರೇ ಹೋಗಿ ತರಬೇಕು. ತಿಂದು ಎದ್ದ ಮೇಲೆ ಟೇಬಲ್ ಖಾಲಿ ಮಾಡಿ ಒರೆಸುವುದು ಕಡ್ಡಿಯ ಅಪ್ಪನ ಕೆಲಸ.

ರಾತ್ರಿ ಮನೆಗೆ ಬಂದರೆ ಅಪ್ಪನ ಬಾಯಲ್ಲಿ ಹೋಟೆಲಿನದೇ ಸುದ್ದಿ. “ನಾನು ತಟ್ಟೆ ಹೊತ್ಕೊಂಡು ಹೊರಟ್ರೆ ಅಡುಗೆಮನೆಯಿಂದ ‘ದಾರಿ!’ ಅಂತ ಕೂಗ್ತಾರೆ. ಯಾರೇ ಅಡ್ಡ ಇರ್ಲಿ, ಪಕ್ಕಕ್ಕೆ ಸರಿಬೇಕು. ಓನರ್ ಆದ್ರೂ ಅಷ್ಟೇ!” ಇದನ್ನು ಕೇಳಿ ಕೇಳಿ ಕಡ್ಡಿ ಅಪ್ಪನ ಬೆನ್ನು ಹತ್ತಿದ್ದ, ನಾವೂ ಅಲ್ಲಿ ತಿನ್ನೋಣ ಅಂತ. ಅದಕ್ಕೇ ಇವತ್ತು ಗಿರಾಕಿಗಳ ಹಾಗೆ ಬಂದಿದ್ದರು. ಟೋಕನ್ ತಗೊಂಡು ಕೂತು ಇನ್ನೂ ಕುರ್ಚಿ ಬಿಸಿಯಾಗಿರಲಿಲ್ಲ, ಅಷ್ಟರಲ್ಲಿ ಹೀಗಾಯಿತು.

ನಾಳೆ ಸ್ಕೂಲು. ಪ್ರಾರ್ಥನೆ ಮುಗಿಯುವುದರೊಳಗೆ ಇಡೀ ಕ್ಲಾಸಿನ ಬಾಯಲ್ಲಿ ಒಂದೇ ಹೆಸರು ಇರುತ್ತದೆ: ಎಂಜಲೆತ್ತೋನ ಮಗ.

“ಮನೆಗೆ ಹೋಗೋಣ. ನಂಗೆ ಹಸಿವಿಲ್ಲ,” ಅಂದ ಕಡ್ಡಿ.

ತಟ್ಟೆಗಳನ್ನು ಒಳಗಿಟ್ಟು ಬಂದು ಕೂತಿದ್ದ ಅಪ್ಪನ ಮುಖ ಸಣ್ಣದಾಯಿತು. “ಇನ್ನೂ ತಿಂದೇ ಇಲ್ಲವಲ್ಲೋ...”

ಆಗ ಅಡುಗೆಮನೆ ಗುಡುಗಿತು.

“ಯಾವನೋ ಅದು, ರಜಾ ದಿನ ತಟ್ಟೆ ಎತ್ತೋನು? ಸುಮ್ನೆ ಕೂತ್ಕೋತೀಯೋ, ಕುರ್ಚಿಗೆ ಕಟ್ಟಿಹಾಕ್ಲೋ?”

ದಪ್ಪ ಮೀಸೆಯ ಅಡುಗೆಯವನು ಬಾಗಿಲು ತಳ್ಳಿಕೊಂಡು ಹೊರಗೆ ಬಂದ. ಅಪ್ಪನ ಕತೆಗಳಲ್ಲಿ ಬರುವ ಗುಡುಗು ಮಾವ ಇವನೇ. ಎರಡೂ ಕೈಯಲ್ಲಿ ಟ್ಯಾಕೊ ತಟ್ಟೆ. ಹಿಂದೆಯೇ ಕೌಂಟರಿನ ಅಕ್ಕ ಇನ್ನೊಂದು ತಟ್ಟೆ ಹಿಡಿದು ಬಂದಳು. ಯಾರಿಗೂ ಟೇಬಲ್ಲಿಗೆ ತಂದುಕೊಡದ ಹೋಟೆಲಿನಲ್ಲಿ ಮೂರು ತಟ್ಟೆಗಳು ತಾವಾಗಿ ಟೇಬಲ್ಲಿಗೆ ನಡೆದು ಬಂದವು!

“ಅಂಕಲ್, ನಮ್ಮದು ಇನ್ನೊಂದು ಆರ್ಡರ್ ಇದೆ. ನಮಗ್ಯಾಕೆ ತಂದುಕೊಡಲ್ಲ?” ಲೀಡರ್ ಕೇಳಿದ.

“ನಂಬರ್ ಕೂಗ್ತಾರೆ, ನೀನೇ ಎದ್ದು ಬಾರಪ್ಪ. ಇವರು ನಮ್ಮೋರು.” ಗುಡುಗು ಮಾವ ಕಡ್ಡಿಯ ಕಡೆ ತಿರುಗಿದ. “ನಿಮ್ಮಪ್ಪ ಜ್ವರ ಅಂತ ಮನೇಲಿ ಮಲಗಿದ್ನಲ್ಲ, ಆವತ್ತು ನೀನು ಇಲ್ಲಿ ಇರಬೇಕಿತ್ತು ಕಣೋ. ಬಾಗಿಲ ತನಕ ಜನ, ಕೂರೋಕೆ ಒಂದು ಕ್ಲೀನ್ ಟೇಬಲ್ ಇಲ್ಲ. ನನ್ನ ಟ್ಯಾಕೊಗಳು ನನ್ನ ಮುಖಾನೇ ನೋಡ್ಕೊಂಡು ತಣ್ಣಗಾದ್ವು.”

“ಸಾಕು ಹೋಗಯ್ಯ, ತವಾ ಸೀದು ಹೋಗುತ್ತೆ,” ಅಂದ ಅಪ್ಪ. ಆದರೆ ಅವನ ಮುಖ ಮತ್ತೆ ದೊಡ್ಡದಾಗಿತ್ತು.

ಮಡಿಚಿದ ಮೆಕ್ಕೆಜೋಳದ ರೊಟ್ಟಿ. ಒಳಗೆ ಬೇಯಿಸಿದ ಕಾಳು, ಈರುಳ್ಳಿ, ಟೊಮ್ಯಾಟೊ, ಅರೆದ ಬೆಣ್ಣೆಹಣ್ಣು. ಕಡ್ಡಿ ಕಚ್ಚಿದ. ಕಚ್ಚಿದ್ದಕ್ಕಿಂತ ಹೆಚ್ಚು ಹಿಂದಿನಿಂದ ಸುರಿದು ಹೋಯಿತು.

“ಟ್ಯಾಕೊ ವಾಲಿಸ್ಬೇಡ ಕಣೋ. ತಲೆ ವಾಲಿಸು,” ಅಂದ ಅಪ್ಪ.

ಕಡ್ಡಿ ತಲೆ ವಾಲಿಸಿದ. ಈ ಸಲ ಒಂದು ಕಾಳೂ ಬೀಳಲಿಲ್ಲ. ವಾಲಿಸಿದ ಹಾಗೇ ಸುತ್ತ ನೋಡಿದರೆ ಎಲ್ಲರ ತಲೆಯೂ ಒಂದು ಕಡೆಗೆ ಬಿದ್ದಿತ್ತು. ಲೀಡರನ ಚಿಕ್ಕಪ್ಪನಂತೂ ತನ್ನ ಭುಜಕ್ಕೇ ಗುಟ್ಟು ಹೇಳುವವರ ಹಾಗೆ ಕಾಣುತ್ತಿದ್ದರು. ಕಡ್ಡಿಗೆ ನಗು ತಡೆಯಲಾಗಲಿಲ್ಲ. ಹಸಿವಿಲ್ಲ ಅಂದವನು ತಟ್ಟೆ ನೆಕ್ಕುವುದೊಂದು ಬಾಕಿ.

ತಿಂದು ಮುಗಿಯಿತು. ಮೂರು ಖಾಲಿ ತಟ್ಟೆ. ಟೇಬಲ್ ಕೆಳಗೆ ಅಪ್ಪನ ಕಾಲು ಆಗಲೇ ಚಡಪಡಿಸುತ್ತಿತ್ತು.

“ಅಪ್ಪ, ತೋಳಿನ ಮೇಲೆ ಹೇಗೆ ಇಟ್ಕೋತೀಯ? ನಂಗೂ ಹೇಳ್ಕೊಡು.”

ಅಪ್ಪ ಪಕ್ಕದ ಟೇಬಲ್ಲಿನತ್ತ ಒಮ್ಮೆ ನೋಡಿದ. ದನಿ ತಗ್ಗಿಸಿದ. “ಇವತ್ತು ಬೇಡ ಮರಿ. ನಿನ್ನ ಕ್ಲಾಸಿನೋರು ಕೂತಿದ್ದಾರೆ.”

ಅಪ್ಪನಿಗೂ ಲೀಡರನ ಆ ಮಾತು ನಾಟಿತ್ತು. ತಟ್ಟೆ ಹೊತ್ತುಕೊಂಡೇ ಅದನ್ನು ನುಂಗಿಕೊಂಡಿದ್ದ.

ಕಡ್ಡಿ ಎದ್ದು ನಿಂತು ಎಡತೋಳು ಚಾಚಿದ. “ಇಡಪ್ಪ.”

ಅಪ್ಪ ಅಮ್ಮನ ಮುಖ ನೋಡಿದ. “ಇಡಿ ಅಂತಿದಾನಲ್ಲ,” ಅಂದಳು ಅಮ್ಮ.

ಅಪ್ಪ ಒಂದು ತಟ್ಟೆಯನ್ನು ಹೆಬ್ಬೆರಳಿನ ಕೆಳಗೆ ಸಿಕ್ಕಿಸಿದ. ಇನ್ನೊಂದನ್ನು ಅದರಡಿ ಬೆರಳುಗಳ ಮೇಲೆ. ಮೂರನೆಯದನ್ನು ಮಣಿಕಟ್ಟಿನ ಮೇಲೆ. “ಮೊಣಕೈ ಮೈಗೆ ಒತ್ಕೋ. ತಟ್ಟೆ ನೋಡ್ಬೇಡ, ದಾರಿ ನೋಡು.”

ಕಡ್ಡಿ ಅಡುಗೆಮನೆಯ ಕಡೆ ಹೊರಟ. ನಾಲ್ಕು ಹೆಜ್ಜೆ ಹಾಕಿರಬಹುದು.

“ಓಹೋಹೋ! ಮರಿ ಎಂಜಲೆತ್ತೋ ಅಂಕಲ್!” ಲೀಡರ್ ಕುರ್ಚಿಯಲ್ಲೇ ಕುಣಿದ. “ಏಯ್ ಕಡ್ಡಿ, ನಮ್ಮದೂ ಎತ್ತೋ! ಯಾಕೋ, ಬಾಯಿ ಬಿದ್ದುಹೋಯ್ತಾ?”

ಕಡ್ಡಿ ನಿಂತ. ಬಾಯಿ ತುಂಬಾ ಉತ್ತರವಿತ್ತು, ಒಂದಕ್ಕಿಂತ ಒಂದು ಖಾರ. ಮಣಿಕಟ್ಟಿನ ಮೇಲಿನ ತಟ್ಟೆ ಅಲುಗಾಡಿತು. ಹಿಂದೆ ಅಪ್ಪ ಕುರ್ಚಿ ಸರಿಸಿದ ಸದ್ದಾಯಿತು.

ಕಡ್ಡಿ ಮೊಣಕೈಯನ್ನು ಮೈಗೆ ಒತ್ತಿಕೊಂಡ. ತಟ್ಟೆ ನೆಟ್ಟಗೆ ನಿಂತಿತು.

“ದಾರಿ!” ಅಡುಗೆಮನೆಯಿಂದ ಗುಡುಗಿತು.

ಲೀಡರನ ಚಿಕ್ಕಪ್ಪ ಅಡ್ಡ ಚಾಚಿದ್ದ ಕಾಲನ್ನು ಥಟ್ಟನೆ ಒಳಗೆಳೆದುಕೊಂಡರು.

ಕಡ್ಡಿ ಯಾರ ಮುಖವನ್ನೂ ನೋಡಲಿಲ್ಲ. ದಾರಿ ನೋಡಿದ. ಅಪ್ಪ ನಡೆಯುವ ಹಾಗೇ, ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದು ಮಾತೂ ಆಡದೆ ಆ ಟೇಬಲ್ಲನ್ನು ದಾಟಿ ನಡೆದುಬಿಟ್ಟ.